ಪದ ಪರಿಚಯ: ರಿಡಂಡೆನ್ಸಿ

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ಹೊಳೆಯ ಹಳೆ ಸೇತುವೆ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿಕೊಂಡ. ಪಕ್ಕದಲ್ಲೇ ಹೊಸ ಸೇತುವೆ ಇತ್ತಲ್ಲ, ಆಮೇಲೆ ಎರಡೂ ಕಡೆಯ ವಾಹನಗಳನ್ನು ಅದರ ಮೇಲೇ ಬಿಟ್ಟರು. ಗೋವಾ ದಾರಿ ಉಳಿಯಿತು. ನೆಟ್‌ವರ್ಕ್ ಕೆಲಸದವರು ರಿಡಂಡೆನ್ಸಿ ಅನ್ನುವುದು ಇದಕ್ಕೇ.

ನಿಘಂಟಿನಲ್ಲಿ ಈ ಪದಕ್ಕೆ ಒಳ್ಳೆ ಹೆಸರಿಲ್ಲ. 'ಬೇಕಾದ್ದಕ್ಕಿಂತ ಹೆಚ್ಚು', 'ಅನಗತ್ಯ' ಎಂದಿರುತ್ತದೆ. ಲ್ಯಾಟಿನ್ ಮೂಲದಲ್ಲಿ 'ತುಂಬಿ ಹೊರಚೆಲ್ಲು' ಎಂದರ್ಥ. ನಮ್ಮ ಮಾತಿನಲ್ಲಿ 'ಇರಲಿ ಅಂತ ಇನ್ನೊಂದು' ಅನ್ನುತ್ತೇವಲ್ಲ, ನೆಟ್‌ವರ್ಕಿನ ಅರ್ಥ ಹೆಚ್ಚುಕಡಿಮೆ ಅದೇ.

ಶಿರಸಿಯಲ್ಲಿ ಮೂರಂತಸ್ತಿನ ಒಂದು ಆಫೀಸು ಇದೆ ಅಂದುಕೊಳ್ಳಿ. ಅಂತಸ್ತಿಗೊಂದು ಸ್ವಿಚ್ಚು (ದೀಪದ್ದಲ್ಲ, ಕಂಪ್ಯೂಟರುಗಳ ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ), ಅವೆಲ್ಲ ಬಂದು ಸೇರುವ ಒಂದು ದೊಡ್ಡ ಸ್ವಿಚ್ಚು. ಇದನ್ನು ಕೋರ್ ಅನ್ನುತ್ತಾರೆ. ಕೋರ್ ಸತ್ತರೆ ಇಡೀ ಆಫೀಸು ಕೈಕಟ್ಟಿ ಕೂರಬೇಕು. ಅದಕ್ಕೇ ಎರಡು ಕೋರ್ ಇಡುತ್ತಾರೆ, ಅವೆರಡನ್ನೂ ಜೋಡಿಸುತ್ತಾರೆ, ಪ್ರತಿ ಅಂತಸ್ತಿನ ಸ್ವಿಚ್ಚಿನಿಂದ ಎರಡಕ್ಕೂ ಒಂದೊಂದು ಕೇಬಲ್ ಎಳೆಯುತ್ತಾರೆ. ಅಂತಸ್ತಿನ ಸ್ವಿಚ್ಚೇ ಹೋದರೆ? ಆ ಅಂತಸ್ತಿನ ಕಂಪ್ಯೂಟರುಗಳು ನಿಲ್ಲುತ್ತವೆ. ಅದಕ್ಕೆ ಕಪಾಟಿನಲ್ಲಿ ಒಂದು ಹೆಚ್ಚಿನ ಸ್ವಿಚ್ಚು ಇದ್ದರೆ ಸಾಕು ಅನ್ನುವುದು ನನ್ನ ಲೆಕ್ಕ.

ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ಸ್ವಿಚ್ಚುಗಳ ನಡುವೆ ಎರಡು ದಾರಿ ಆದ ಕೂಡಲೇ ಒಂದು ಸುತ್ತು ಹುಟ್ಟುತ್ತದೆ. 'ಎಲ್ಲರಿಗೂ' ಎಂದು ಕಳಿಸಿದ ಸಂದೇಶ ಆ ಸುತ್ತಿನಲ್ಲಿ ಸಿಕ್ಕಿ ತಿರುಗುತ್ತಲೇ ಇರುತ್ತದೆ. ಈ ಕೇಬಲ್‌ಗಳಲ್ಲಿ ಸಂದೇಶ ಸಾಗುವ ರೀತಿಗೆ ಈಥರ್‌ನೆಟ್ ಅನ್ನುತ್ತಾರೆ, ಅದರ ಸಂದೇಶಕ್ಕೆ ಇಷ್ಟು ಸುತ್ತಾದ ಮೇಲೆ ಸಾಯಿ ಅನ್ನುವ ಎಣಿಕೆ ಇಲ್ಲ. ಕ್ಷಣದಲ್ಲಿ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಒಮ್ಮೆ ಎರಡು ಅಗ್ಗದ ಸ್ವಿಚ್ಚುಗಳ ನಡುವೆ 'ಇರಲಿ ಅಂತ' ಇನ್ನೊಂದು ವಯರ್ ಸಿಕ್ಕಿಸಿ ಅರ್ಧ ದಿನ ಬಿಲ್ಲಿಂಗ್ ನಿಲ್ಲಿಸಿದವನು ನಾನೇ!

ಇದಕ್ಕೆ ಮದ್ದು ಸ್ಪ್ಯಾನಿಂಗ್ ಟ್ರೀ ಅನ್ನುವ ಏರ್ಪಾಡು. 1985ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ ರೂಪಿಸಿದ್ದು. ಸ್ವಿಚ್ಚುಗಳು ತಮ್ಮಲ್ಲೇ ಮಾತಾಡಿಕೊಂಡು ಒಂದನ್ನು ಯಜಮಾನ ಮಾಡಿಕೊಳ್ಳುತ್ತವೆ, ಹೆಚ್ಚಿನ ದಾರಿಯನ್ನು ಮುಚ್ಚಿಡುತ್ತವೆ. ಮುಖ್ಯ ದಾರಿ ಹೋದರೆ ಮುಚ್ಚಿದ್ದು ತೆರೆಯುತ್ತದೆ. ಹಳೆಯ ಬಗೆಯಲ್ಲಿ ಇದಕ್ಕೆ 30ರಿಂದ 50 ಸೆಕೆಂಡ್ ಬೇಕಿತ್ತು. 2001ರ ರ‍್ಯಾಪಿಡ್ ಬಗೆಯಲ್ಲಿ ಸಾಮಾನ್ಯವಾಗಿ ಕೆಲವೇ ಸೆಕೆಂಡ್, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಯಜಮಾನ ಯಾರು ಅಂತ ನಾವೇ ಹೇಳಿಡಬೇಕು. ಇಲ್ಲದಿದ್ದರೆ ಮ್ಯಾಕ್ ವಿಳಾಸ (ತಯಾರಾಗುವಾಗಲೇ ಪ್ರತಿ ಸ್ವಿಚ್ಚಿಗೆ ಕೊಟ್ಟಿರುವ ಸಂಖ್ಯೆ) ಚಿಕ್ಕದಿದ್ದ ಕಾರಣಕ್ಕೆ ಮೂಲೆಯ ಹಳೆ ಸ್ವಿಚ್ಚೊಂದು ಪಟ್ಟಕ್ಕೇರಬಹುದು. ನಾನು ಸಿಕ್ಕಿಸಿದಂಥ ಅಗ್ಗದ ಸ್ವಿಚ್ಚುಗಳಲ್ಲಿ ಈ ಏರ್ಪಾಡೇ ಇರುವುದಿಲ್ಲ, ಅದನ್ನು ಕೊಳ್ಳುವಾಗಲೇ ಕೇಳಬೇಕು.

ಇನ್ನು ಹೆಸರಿಗೆ ಮಾತ್ರ ಎರಡು ಇರುವುದುಂಟು. ಎರಡೂ ಕೇಬಲ್ ಒಂದೇ ಪೈಪಿನಲ್ಲಿ ಹೋಗಿರುತ್ತವೆ, ಜೆಸಿಬಿಯ ಒಂದೇ ಏಟಿಗೆ ಎರಡೂ ತುಂಡು. ಎರಡೂ ಕೋರ್ ಒಂದೇ ಯುಪಿಎಸ್‌ಗೆ ಸಿಕ್ಕಿಸಿರುತ್ತಾರೆ. ಒಂದೇ ಮರಕ್ಕೆ ಕಟ್ಟಿದ ಎರಡು ಸಂಕ ಇದ್ದ ಹಾಗೆ, ಮರ ಬಿದ್ದರೆ ಮಳೆಗಾಲದಲ್ಲಿ ಹಳ್ಳ ದಾಟುವುದು ಹೇಗೆ? ಮೊದಲ ಮಹಡಿ ಮತ್ತು ಎರಡನೇ ಮಹಡಿಯಲ್ಲಿ ಒಂದೊಂದು ಕೋರ್ ಇಟ್ಟು, ಬೇರೆ ಬೇರೆ ಯುಪಿಎಸ್ ಕೊಟ್ಟು, ಕೇಬಲನ್ನು ಬೇರೆ ಬೇರೆ ಗೋಡೆಯ ಮೇಲೆ ಎಳೆದರೆ ಖರ್ಚು ಸ್ವಲ್ಪ ಜಾಸ್ತಿ ಆಗುತ್ತದೆ, ಅಷ್ಟೇ.

ಇನ್ನೊಂದು ತೊಂದರೆ ಕಣ್ಣಿಗೇ ಬೀಳದ್ದು. ಸುಮ್ನೆ ಕೂತಿರುವ ಆ ಎರಡನೇ ಕೇಬಲನ್ನು ಇಲಿ ಕಡಿದು ವರ್ಷವಾಗಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಕೆಲಸ ನಡೆಯುತ್ತಿರುತ್ತದಲ್ಲ. ಶನಿವಾರ ಸಂಜೆ ಆಫೀಸು ಖಾಲಿ ಆದ ಮೇಲೆ ಮೊದಲನೇ ಕೇಬಲ್ ಕಿತ್ತು ನೋಡಿ.