ಗೋಬರ್ ಗ್ಯಾಸ್ ಡ್ರಮ್ಮಿಗೆ ಒತ್ತಡ ಎಲ್ಲಿಂದ ಬರುತ್ತದೆ?

ಮೂಡಿಗೆರೆ, ಸಕಲೇಶಪುರದ ಕಡೆ ಚಳಿಗಾಲದಲ್ಲಿ ಒಲೆ ಬೇಗ ಆರಿಹೋದರೆ 'ಪ್ರೆಷರ್ ಕಮ್ಮಿಯಾಗಿದೆ' ಎನ್ನುತ್ತಾರೆ. ತೇಲುವ ಡ್ರಮ್ಮಿನ ಘಟಕದಲ್ಲಿ (ಸಗಣಿ-ನೀರಿನ ಬಗ್ಗಡದ ಮೇಲೆ ಬೋರಲು ಹಾಕಿದ ಡ್ರಮ್ಮಿನೊಳಗೆ ಗ್ಯಾಸು ತುಂಬುತ್ತದೆ) ಚಳಿಗೆ ಕಮ್ಮಿಯಾಗುವುದು ಗ್ಯಾಸಿನ ಪ್ರಮಾಣ, ಒತ್ತಡವಲ್ಲ. ಇವೆರಡನ್ನೂ ಬೇರೆ ಮಾಡಿ ನೋಡುವುದೇ ಇಲ್ಲಿ ಮುಖ್ಯ.

ಡ್ರಮ್ಮಿನ ತೂಕವನ್ನು ಅದರ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. ವ್ಯಾಸ 1.5 ಮೀಟರ್ ಇದ್ದರೆ ವಿಸ್ತೀರ್ಣ 1.77 ಚದರ ಮೀಟರ್. ತೂಕ 177 ಕೆಜಿ ಇದ್ದರೆ ಚದರ ಮೀಟರಿಗೆ 100 ಕೆಜಿ, ಅಂದರೆ 10 ಸೆಂ.ಮೀ. ನೀರಿನ ಕಂಬದಷ್ಟು ಒತ್ತಡ. ಗ್ಯಾಸ್ ತುಂಬಿದರೆ ಡ್ರಮ್ಮು ಏಳುತ್ತದೆ, ಉರಿಸಿದರೆ ಇಳಿಯುತ್ತದೆ. ತೂಕ ಬದಲಾಗದ್ದರಿಂದ ಒತ್ತಡವೂ ಬದಲಾಗದು. ಮುಳುಗಿದ ತಗಡನ್ನು ಬಗ್ಗಡ ಸ್ವಲ್ಪ ಎತ್ತಿ ಹಿಡಿಯುತ್ತದೆ ನಿಜ, ಆದರೆ 3 ಮಿ.ಮೀ. ದಪ್ಪ, 1 ಮೀಟರ್ ಎತ್ತರದ ಗೋಡೆಗೆ ಆ ವ್ಯತ್ಯಾಸ 1 ಸೆಂ.ಮೀ. ಕೂಡ ಆಗದು. ಡ್ರಮ್ಮು ಪೂರ್ತಿ ಇಳಿದು ಒಳಕಟ್ಟೆಯ ಮೇಲೆ ಕೂತಾಗ ಮಾತ್ರ ಒತ್ತಡ ಬೀಳುತ್ತದೆ.

1984ರಲ್ಲಿ ಬಂದ ದೀನಬಂಧು ಮಾದರಿಯ, ಅಲುಗದ ಗುಮ್ಮಟದಲ್ಲಿ ಹೀಗಲ್ಲ. ಅಲ್ಲಿ ಗ್ಯಾಸು ಬಗ್ಗಡವನ್ನು ಹೊರತೊಟ್ಟಿಗೆ ತಳ್ಳುತ್ತದೆ. ಒಳಗಿನ, ಹೊರಗಿನ ಮಟ್ಟಗಳ ಅಂತರವೇ ಒತ್ತಡ. ಉರಿಸಿದಂತೆ ಅದು ಇಳಿಯುತ್ತಾ ಹೋಗುತ್ತದೆ.

ಅಳೆಯಲು ಪಾರದರ್ಶಕ ಪೈಪನ್ನು 'ಯು' ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ಹಾಕಿ, ಒಂದು ತುದಿಯನ್ನು ಗ್ಯಾಸ್ ಪೈಪಿಗೆ ಜೋಡಿಸಿ, ಇನ್ನೊಂದನ್ನು ತೆರೆದಿಡಿ. ಎರಡು ಬದಿಯ ನೀರಿನ ಮಟ್ಟಗಳ ಅಂತರವೇ ಒತ್ತಡ, ಸೆಂ.ಮೀ. ಲೆಕ್ಕದಲ್ಲಿ. ಒಲೆ ಉರಿಯುತ್ತಿರುವಾಗಲೇ ನೋಡಬೇಕು. ಒಲೆ ಆರಿಸಿದಾಗ ಹರಿವು ಇರುವುದಿಲ್ಲ, ಹಾಗಾಗಿ ಪೈಪು ಅರ್ಧ ಕಟ್ಟಿದ್ದರೂ 10 ಸೆಂ.ಮೀ.ಯೇ ತೋರುತ್ತದೆ. ಉರಿಯುವಾಗ ಡ್ರಮ್ಮಿನ ಬಳಿ 10, ಅಡುಗೆಮನೆಯಲ್ಲಿ 4 ಬಂದರೆ ದೋಷ ಪೈಪಿನಲ್ಲಿದೆ. ಉರಿ ಕುಣಿಯುತ್ತಿದ್ದರೆ ಒಳಗೆ ನೀರು ನಿಂತಿದೆ: ಗ್ಯಾಸಿನ ತೇವ ತಣ್ಣನೆಯ ಪೈಪಿನಲ್ಲಿ ನೀರಾಗುತ್ತದೆ, ಮಲೆನಾಡಿನ ಚಳಿಯಲ್ಲಿ ಇನ್ನೂ ಹೆಚ್ಚು. 100 ಅಡಿಗೆ 1 ಅಡಿ ಇಳಿಜಾರು ಕೊಟ್ಟು, ತಗ್ಗಿನಲ್ಲಿ ನೀರು ಬಿಡುವ ಕೊಳಾಯಿ ಇಡಿ.

ಒತ್ತಡ ಹೆಚ್ಚಿಸಬೇಕೆಂದರೆ ಮೇಲೆ ಕಲ್ಲು ಹೇರಬಹುದು. ಈ ಅಳತೆಗೆ ಸುಮಾರು 18 ಕೆಜಿಗೆ 1 ಸೆಂ.ಮೀ. ಒಂದೇ ಪಕ್ಕ ಇಟ್ಟರೆ ಡ್ರಮ್ಮು ವಾಲಿ, ಅದನ್ನು ನೇರವಾಗಿ ಏಳಿಸಿ ಇಳಿಸುವ ನಡುಗಂಬಕ್ಕೆ ಕಚ್ಚಿಕೊಳ್ಳುತ್ತದೆ, ಆಮೇಲೆ ಯಾವ ಲೆಕ್ಕವೂ ಕೂಡುವುದಿಲ್ಲ.

ಪ್ರಮಾಣ ಹೆಚ್ಚಿಸಲು ಕಲ್ಲು ಉಪಯೋಗವಿಲ್ಲ. ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸು. ಸಗಣಿ, ನೀರು ಸಮಸಮ. ಕಾಫಿ ಪಲ್ಪಿಂಗಿನ (ಹಣ್ಣಿನ ಸಿಪ್ಪೆ ಸುಲಿಯುವ ಕೆಲಸದ) ಹುಳಿ ನೀರನ್ನು ಒಮ್ಮೆಲೇ ಸುರಿದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಸೊರಗುತ್ತವೆ. ಬಗ್ಗಡದ ಪಿಎಚ್ (ಹುಳಿಯ ಅಳತೆ) 7ರ ಆಸುಪಾಸಿನಲ್ಲಿರಲಿ.

ಹೊಸ ಘಟಕದಲ್ಲಿ ಮೊದಲ ಸಲ ತುಂಬಿದ ಗ್ಯಾಸನ್ನು ಉರಿಸದೆ ಬಯಲಿಗೆ ಬಿಡಲೇಬೇಕು. ಅದರಲ್ಲಿ ಗಾಳಿ ಬೆರೆತಿರುತ್ತದೆ, ಸ್ಫೋಟವಾಗಬಹುದು. ಸೋರಿಕೆ ನೋಡಲು ಸೋಪಿನ ನೀರು ಮಾತ್ರ, ಬೆಂಕಿಕಡ್ಡಿ ಎಂದಿಗೂ ಬೇಡ.