‘ರೋಮಿಯೋ ಅಂಡ್ ಜೂಲಿಯೆಟ್’: ಇರುಳೇ ಆಸರೆ, ಹಗಲೇ ಹಗೆ

ನಮ್ಮ ಕಾವ್ಯಗಳಲ್ಲಿ ಜಕ್ಕವಕ್ಕಿಗಳ ಜೋಡಿ ಇರುಳಾದರೆ ಅಗಲುತ್ತದೆ, ನೇಸರು ಮೂಡಿದರೆ ಕೂಡುತ್ತದೆ. ಷೇಕ್ಸ್‌ಪಿಯರ್‌ನ ಈ ನಾಟಕ ಓದುವಾಗ ಅದನ್ನು ತಿರುವುಮುರುವು ಮಾಡಿಕೊಳ್ಳಿ. ಇಟಲಿಯ ವೆರೋನಾದಲ್ಲಿ ಹಗೆಯ ಮನೆತನಗಳಲ್ಲಿ ಹುಟ್ಟಿದ ಈ ಜೋಡಿಯನ್ನು ಕೂಡಿಸುವುದು ರಾತ್ರಿ, ಅಗಲಿಸುವುದು ಬೆಳಗು. ಔತಣದ ಮೊದಲ ನೋಟ, ತೋಟದ ಮಾತು, ಗಂಡ ಹೆಂಡಿರಾಗಿ ಕಳೆದ ಒಂದೇ ಒಂದು ಇರುಳು, ಎಲ್ಲವೂ ಕತ್ತಲ ಮರೆಯಲ್ಲಿ. ಮದುವೆ ಹಗಲಲ್ಲೇ ಆಯಿತಲ್ಲ ಎನ್ನಬಹುದು. ನಿಜ, ಆದರೆ ಅದನ್ನು ರಂಗದ ಮೇಲೆ ತೋರಿಸುವುದಿಲ್ಲ. ಹಗಲು ನಮಗೆ ಕಾಣಿಸುವುದು ರೋಮಿಯೋನ ಗೆಳೆಯ ಮರ್ಕ್ಯೂಷಿಯೊ, ಜೂಲಿಯೆಟ್‌ಳ ದಾಯಾದಿ ಟಿಬಾಲ್ಟ್ ಇಬ್ಬರ ಸಾವನ್ನು.

‘ಬೆಳಕು ಎಂದರೆ ಪ್ರೇಮ, ಕತ್ತಲು ಎಂದರೆ ಸಾವು’ ಎಂದು ಪರೀಕ್ಷೆಯಲ್ಲಿ ಬರೆದರೆ ಸಾಲದು. ಇಲ್ಲಿ ಬೆಳಕು ಎರಡು ಬಗೆ. ಬೀದಿಯ ಬಿಸಿಲು ಒಂದು. ದೀವಟಿಗೆ, ನಕ್ಷತ್ರ, ಮಿಂಚು ಇವುಗಳ ಬೆಳಕು ಇನ್ನೊಂದು. ಎರಡನೆಯದು ಕಾಣಬೇಕಾದರೆ ಸುತ್ತ ಕತ್ತಲಿರಲೇಬೇಕು. ನಡುರಾತ್ರಿಯಲ್ಲಿ ರೋಮಿಯೋ ಜೂಲಿಯೆಟ್‌ಳನ್ನು ಸೂರ್ಯ ಎನ್ನುತ್ತಾನೆ (2.2, ಅಂದರೆ ಎರಡನೆಯ ಅಂಕದ ಎರಡನೆಯ ದೃಶ್ಯ), ಅಂದರೆ ಇರುಳಿನಲ್ಲಿ ಮೂಡುವ ಸೂರ್ಯ. ಅವಳಿಗೋ ಆಗಲೇ ಅಳುಕು: ಈ ಒಲವು ಮಿಂಚಿನಂತೆ, ‘ಮಿಂಚಿತು’ ಎನ್ನುವಷ್ಟರಲ್ಲಿ ಇಲ್ಲವಾಗುತ್ತದೆ.

3.2ನ್ನು ಗಟ್ಟಿಯಾಗಿ ಓದಿ. ಇರುಳು ಬೇಗ ಬರಲಿ ಎಂದು ಜೂಲಿಯೆಟ್ ಸೂರ್ಯನ ಕುದುರೆಗಳನ್ನು ಓಡಿಸುತ್ತಾಳೆ. ಇರುಳೇ, ರೋಮಿಯೋ ಸತ್ತಾಗ ಅವನನ್ನು ಪುಟ್ಟ ನಕ್ಷತ್ರಗಳಾಗಿ ಕತ್ತರಿಸು, ಲೋಕವೆಲ್ಲ ರಾತ್ರಿಯನ್ನೇ ಪ್ರೀತಿಸಲಿ ಎನ್ನುತ್ತಾಳೆ. 1599ರ ಮುದ್ರಣದಲ್ಲಿ ಅಲ್ಲಿರುವುದು ‘ನಾನು ಸತ್ತಾಗ’. ಯಾವ ಮುದ್ರಣದ ಪಾಠ ಹಿಡಿದರೂ ಹಂಬಲದ ಮಾತಿನೊಳಗೇ ಸಾವು ಬಂದು ಕೂತಿದೆ. ಟಿಬಾಲ್ಟ್ ಸತ್ತ ಸುದ್ದಿ ನಮಗೆ ಗೊತ್ತು, ಅವಳಿಗೆ ಇನ್ನೂ ಗೊತ್ತಿಲ್ಲ. ನನಗೆ ಇಡೀ ನಾಟಕದಲ್ಲಿ ಅತಿ ಹೆಚ್ಚು ನೋಯುವ ಜಾಗ ಇದು.

ಟಿಬಾಲ್ಟ್‌ನನ್ನು ಕೊಂದು ಗಡಿಪಾರಾದ ರೋಮಿಯೋ ಬೆಳಗಾಗುವಷ್ಟರಲ್ಲಿ ಊರು ಬಿಡಬೇಕು, ಸಿಕ್ಕಿಬಿದ್ದರೆ ಸಾವು. 3.5ರಲ್ಲಿ ಹಕ್ಕಿಯ ದನಿ ಕೇಳುತ್ತದೆ. ಅದು ದಾಳಿಂಬೆ ಗಿಡದ ನೈಟಿಂಗೇಲ್, ಇನ್ನೂ ರಾತ್ರಿ ಎಂದು ಜೂಲಿಯೆಟ್. ಅಲ್ಲ, ಬೆಳಗು ಸಾರುವ ಲಾರ್ಕ್ ಎಂದು ರೋಮಿಯೋ. ಅವನು ಸೋತು ‘ಸರಿ, ಸಾವು ಬಂದರೂ ಬರಲಿ’ ಎಂದೊಡನೆ ‘ಹೋಗು, ಅದು ಲಾರ್ಕೇ’ ಎನ್ನುವವಳೂ ಅವಳೇ. ಬೆಳಕು ಏರಿದಷ್ಟೂ ನಮ್ಮ ಸಂಕಟ ಕಪ್ಪಾಗುತ್ತದೆ ಎನ್ನುತ್ತಾನೆ ಅವನು.

ಆ ಕಾಲದ ಬಯಲು ರಂಗಮಂದಿರಗಳಲ್ಲಿ ಆಟ ನಡೆಯುತ್ತಿದ್ದುದು ಮಧ್ಯಾಹ್ನ ಎಂಬುದನ್ನು ಮರೆಯಬೇಡಿ. ಬಿಸಿಲಲ್ಲಿ ನಿಂತ ಜನರ ಮುಂದೆ ಇಷ್ಟು ಕತ್ತಲನ್ನು ಕವಿಸಿದ್ದು ಬಹುಪಾಲು ಮಾತೇ.

ಕೊನೆಗೆ ಸಮಾಧಿ (5.3). ಜೂಲಿಯೆಟ್‌ಳ ಚೆಲುವಿನಿಂದ ಈ ಗವಿಯೇ ಬೆಳಗುತ್ತಿದೆ ಎನ್ನುತ್ತಾನೆ ರೋಮಿಯೋ. ತುಟಿ, ಕೆನ್ನೆಯ ಕೆಂಪನ್ನೂ ನೋಡುತ್ತಾನೆ. ಸತ್ತಂತೆ ಮಲಗಿಸುವ ಮದ್ದು ಕುಡಿದ ಅವಳು ಬದುಕಿದ್ದಾಳೆ, ಅವನಿಗದು ಗೊತ್ತಿಲ್ಲ. ಅವನು ಕಂಡ ಬೆಳಕು ನಿಜವಾದದ್ದೇ, ಆದರೂ ವಿಷ ಕುಡಿಯುತ್ತಾನೆ.