ಹೊಳೆದಂಡೆಯ ಊರು, ಹೊಳೆಯಿಲ್ಲದ ನಗರ

“ಮ್ಯಾಲಿಂದ ಎಷ್ಟ ಬಿಟ್ಟಾರ್ರೀ?”

2019ರ ಆಗಸ್ಟ್‌ನಲ್ಲಿ ನೆರೆ ಪರಿಹಾರದ ಕೆಲಸಕ್ಕೆಂದು ಬೆಳಗಾವಿ ಜಿಲ್ಲೆಯಲ್ಲಿದ್ದಾಗ ದಿನವೂ ಕಿವಿಗೆ ಬೀಳುತ್ತಿದ್ದ ಮಾತಿದು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಇಷ್ಟು ಕ್ಯುಸೆಕ್ ನೀರು ಬಿಟ್ಟರೆ ಕೃಷ್ಣೆಯ ಯಾವ ಸೇತುವೆ ಮುಳುಗುತ್ತದೆ, ನವಿಲುತೀರ್ಥ ಅಣೆಕಟ್ಟಿನ ಗೇಟು ಎತ್ತಿದರೆ ಮಲಪ್ರಭೆ ಯಾವ ಓಣಿಗೆ ಮೊದಲು ನುಗ್ಗುತ್ತಾಳೆ ಎಂಬುದು ದಂಡೆಯ ಹಿರಿಯರಿಗೆ ಬಾಯಿಪಾಠ. ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಎಂದು ತಿಳಿಯಲು ಅಲ್ಲಿ ಯಾರೂ ಪಟ್ಟಿ ನೋಡಬೇಕಿಲ್ಲ. ನಾವು ಬೋಟು ಇಳಿಸುವ ಹೊತ್ತಿಗೆ ಊರಿನ ಹುಡುಗರು ಅಂಥವರನ್ನು ಹೊತ್ತೊಯ್ದು ಎತ್ತರದ ಶಾಲೆಗೆ ಸೇರಿಸಿರುತ್ತಿದ್ದರು.

ಬೆಂಗಳೂರಿನ ಕಥೆ ಬೇರೆ. ಇದು ದಿಬ್ಬದ ಮೇಲಿನ ಊರು, ಉಕ್ಕಿ ಬರುವ ದೊಡ್ಡ ಹೊಳೆ ಇಲ್ಲಿಲ್ಲ. ಇಲ್ಲಿನ ನೆರೆಯೆಂದರೆ ಇಲ್ಲೇ ಬಿದ್ದ ಮಳೆ. ಕೆರೆಯಿಂದ ಕೆರೆಗೆ ಹರಿಯಬೇಕಾದ ನೀರಿಗೆ ರಾಜಕಾಲುವೆಯಲ್ಲಿ ಜಾಗ ಸಿಗದೆ ಅದು ರಸ್ತೆಗೆ, ನೆಲಮಾಳಿಗೆಗೆ ಇಳಿಯುತ್ತದೆ. ಹಳ್ಳಿಗೆ ಒಂದು ದಿನದ ಮುನ್ಸೂಚನೆ ಸಿಕ್ಕರೆ ನಗರಕ್ಕೆ ಸಿಗುವುದು ಒಂದೆರಡು ತಾಸು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಜನರನ್ನು ಹೊರಗೆ ತಂದದ್ದು ಬೋಟಿನ ಜೊತೆಗೆ ಟ್ರ್ಯಾಕ್ಟರ್. ಅದೇ ಮಳೆಗೆ ದೂರದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಪಂಪ್‌ಹೌಸ್ ಮುಳುಗಿ, ನಗರದ ಎಷ್ಟೋ ಬಡಾವಣೆಗಳಿಗೆ ಕಾವೇರಿ ನೀರು ನಿಂತಿತು. ಸುತ್ತ ಮೊಣಕಾಲುದ್ದ ನೀರು, ಮನೆಯ ನಲ್ಲಿಯಲ್ಲಿ ಹನಿಯಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳಿಂದ ಊಟ, ಔಷಧಿ ಬೇಗನೆ ಹರಿದುಬಂದವು, ನಿಜ. ಆದರೆ ಆ ಗುಂಪಿನಲ್ಲಿ ಇಲ್ಲದವರು, ಅಂದರೆ ಕಾವಲುಗಾರರ ಕುಟುಂಬ, ಶೆಡ್ಡುಗಳಲ್ಲಿದ್ದ ವಲಸೆ ಕೂಲಿಗಳು, ಯಾರ ಲೆಕ್ಕಕ್ಕೂ ಸುಲಭವಾಗಿ ಸಿಗುವುದಿಲ್ಲ.

ಹಾಗೆಂದು ಹಳ್ಳಿಯ ಒಗ್ಗಟ್ಟನ್ನು ಹೊಗಳಿ ಮುಗಿಸಿದರೆ ಅನ್ಯಾಯವಾದೀತು. ಮೊದಲ ಮೂರು ದಿನ ಹಳ್ಳಿ ಗೆಲ್ಲುತ್ತದೆ, ನಂತರದ ಮೂರು ವರ್ಷ ಸೋಲುತ್ತದೆ. ನಗರದಲ್ಲಿ ಕಾರಿಗೆ ವಿಮೆಯಿರುತ್ತದೆ, ತಿಂಗಳ ಸಂಬಳ ನಿಲ್ಲುವುದಿಲ್ಲ. ಹಳ್ಳಿಯಲ್ಲಿ ವಾರಗಟ್ಟಲೆ ನಿಂತ ನೀರಿಗೆ ಕಬ್ಬಿನ ಸುಳಿ ಕೊಳೆತರೆ ವರ್ಷದ ದುಡಿಮೆಯೇ ಹೋಯಿತು. ಗದ್ದೆಯನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡಿದವನಾದರೆ ಪರಿಹಾರ ಸೇರುವುದು ಪಹಣಿಯಲ್ಲಿ ಹೆಸರಿರುವವನ ಖಾತೆಗೆ. ಮಣ್ಣಿನ ಗೋಡೆಯದಂತೂ ವಿಚಿತ್ರ ಸ್ವಭಾವ: ನೀರಲ್ಲಿ ನಿಂತಿದ್ದು, ಒಣಗುವಾಗ ಬಿರಿದು ಕುಸಿಯುತ್ತದೆ. ಪಂಚನಾಮೆ ಮಾಡಿದ ದಿನ ‘ಭಾಗಶಃ ಹಾನಿ’ ಎಂದು ಬರೆಸಿಕೊಂಡ ಮನೆ ಮುಂದಿನ ವಾರ ನೆಲಸಮವಾಗಿರುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಭಾಗಶಃ ಬಿದ್ದದ್ದಕ್ಕೆ ಅದಕ್ಕಿಂತ ಬಹಳ ಕಡಿಮೆ. ಆ ಒಂದು ವಾರದ ಅಂತರಕ್ಕೆ ಒಂದು ಸಂಸಾರ ತೆರುವ ಬೆಲೆಯನ್ನು ಊಹಿಸಿಕೊಳ್ಳಿ. ಎರಡನೆಯ ಸರ್ವೆ ಕಡ್ಡಾಯವಾಗಬೇಕೆಂದು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ.

2009ರ ನೆರೆಯ ಬಳಿಕ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಹೊಸ ಊರುಗಳೇ ಎದ್ದವು. ಉದ್ದೇಶ ಒಳ್ಳೆಯದು. ಆದರೆ ಮನೆಗಳನ್ನು ಕಟ್ಟಿದ್ದು ನಗರದ ಲೆಕ್ಕದಲ್ಲಿ: ಸಾಲು ಮನೆ, ಕಿರಿದಾದ ಕೋಣೆ. ದನ ಕಟ್ಟಲು ಜಾಗವಿಲ್ಲ, ಮೇವಿನ ಬಣವೆಗೆ ಹಿತ್ತಿಲಿಲ್ಲ, ಹೊಲ ಮೈಲಿ ದೂರ. ಎಷ್ಟೋ ಕುಟುಂಬಗಳು ಬೀಗ ಹಾಕಿ ಹಳೆ ಊರಿಗೆ ಮರಳಿದವು. ನೀರು ಮತ್ತೆ ಬರುತ್ತದೆಂದು ಗೊತ್ತಿದ್ದೇ ಮರಳಿದವು.

ನಗರದ ವಾರ್ಡಿನಲ್ಲಿ ಮೇ ತಿಂಗಳೊಳಗೆ ಆಗಬೇಕಾದದ್ದು ಕಾಲುವೆಯ ಹೂಳೆತ್ತುವುದು ಮತ್ತು ನಡೆಯಲಾರದವರ, ಶೆಡ್ಡಿನಲ್ಲಿರುವವರ ಹೆಸರು ಬರೆದಿಡುವುದು. ಹಳ್ಳಿಗೆ ಆ ಪಟ್ಟಿ ಬೇಡ. ಅಲ್ಲಿ ಸಂತ್ರಸ್ತರು ತಂಗುವ ಕಾಳಜಿ ಕೇಂದ್ರದ ಪಕ್ಕದಲ್ಲಿ ದನಗಳಿಗೆ ಜಾಗ, ಮೇವು ಬೇಕು. ಬೋಟು ಹತ್ತಲು ಒಪ್ಪದೆ ಸೊಂಟದುದ್ದ ನೀರಲ್ಲಿ ನಿಂತಿದ್ದ ಒಬ್ಬ ತಾಯಿ ನನ್ನನ್ನು ಕೇಳಿದ್ದು ಒಂದೇ: “ನಾ ಬರ್ತೀನ್ರಿ ಸಾಹೇಬ್ರ, ಎಮ್ಮಿ ಎಲ್ಲಿ ಕಟ್ಟಲಿ?” ಆ ದಿನ ನನ್ನ ಬಳಿ ಉತ್ತರವಿರಲಿಲ್ಲ.